ಸ್ಪೇನ್‌ನ ರಿಮೋಟ್ ವೀಸಾ: ಅರ್ಜಿಯಿಂದ ದೀರ್ಘಾವಧಿ ವಾಸದ ಕಾರ್ಡಿನವರೆಗೆ

ಹೊರದೇಶದ ಕಂಪನಿಗೆ ಕಂಪ್ಯೂಟರ್ ಮೂಲಕ ದುಡಿಯುತ್ತಾ ಸ್ಪೇನ್‌ನಲ್ಲಿ ಕಾನೂನುಬದ್ಧವಾಗಿ ನೆಲೆಸಲು ದಾರಿ ಮಾಡಿಕೊಟ್ಟದ್ದು 2022ರ ಡಿಸೆಂಬರ್‌ನಲ್ಲಿ ಬಂದ 28/2022ನೇ ಕಾಯ್ದೆ. ಸ್ಟಾರ್ಟ್‌ಅಪ್ ಕಾಯ್ದೆ ಎಂದೇ ಅದು ಹೆಸರಾಗಿದೆ. ಐರೋಪ್ಯ ಒಕ್ಕೂಟದ ಹೊರಗಿನವರಿಗಾಗಿ ಇರುವ ಈ ಪರವಾನಗಿಯನ್ನು ಜನ ಡಿಜಿಟಲ್ ನೋಮಾಡ್ ವೀಸಾ ಎನ್ನುತ್ತಾರೆ. ಹೊರಡುವವರು ಮೊದಲು ಕೇಳುವುದು ಸಂಬಳ ಎಷ್ಟಿರಬೇಕು ಎಂದು. ಆದರೆ ಈ ಪ್ರಕ್ರಿಯೆಯನ್ನು ಪೂರ್ತಿ ಹಾದುಬಂದವರಿಗೆ ಗೊತ್ತು, ಸಂಬಳದ ಅಂಕಿ ಇದರಲ್ಲಿ ಸಲೀಸಾದ ಭಾಗ. ಅರ್ಜಿಗಳು ಮುಗ್ಗರಿಸುವುದು ಸಾಮಾಜಿಕ ಭದ್ರತೆಯ ಪ್ರಶ್ನೆಯಲ್ಲಿ. ನೀವು ಸ್ಪೇನ್‌ನಲ್ಲಿ ಕೂತು ದುಡಿಯುವಾಗ ನಿಮ್ಮ ಪಿಂಚಣಿ, ಆರೋಗ್ಯ, ಅಪಘಾತಗಳ ವಂತಿಗೆಯನ್ನು ಯಾರು ಕಟ್ಟುತ್ತಾರೆ, ಯಾವ ದೇಶದ ಖಾತೆಗೆ ಕಟ್ಟುತ್ತಾರೆ? ಇದಕ್ಕೆ ಲಿಖಿತ ಉತ್ತರ ಇಲ್ಲದ ಕಡತ ಎಷ್ಟು ದಪ್ಪವಿದ್ದರೂ ಮುಂದೆ ಸಾಗುವುದಿಲ್ಲ. ತೆರಿಗೆ, ತಿಂಗಳ ಖರ್ಚು, ನವೀಕರಣ, ಐದು ವರ್ಷದ ನಂತರದ ಕಾರ್ಡು ಎಲ್ಲವೂ ಈ ಉತ್ತರವನ್ನೇ ಹಿಂಬಾಲಿಸುತ್ತವೆ. ಹಾಗಾಗಿ ಕಾಗದ ಕೂಡಿಸುವ ಮುನ್ನ ಇದನ್ನೇ ಇತ್ಯರ್ಥ ಮಾಡಿಕೊಳ್ಳಬೇಕು.

ನೀವು ಸಂಬಳದ ನೌಕರರಾಗಿದ್ದರೆ ಎರಡು ಹಾದಿಗಳಿವೆ. ಒಂದು, ಕಂಪನಿ ಇರುವ ದೇಶಕ್ಕೂ ಸ್ಪೇನ್‌ಗೂ ಸಾಮಾಜಿಕ ಭದ್ರತಾ ಒಪ್ಪಂದವಿದ್ದು, ಈ ವ್ಯಕ್ತಿಯ ವಂತಿಗೆ ನಮ್ಮಲ್ಲೇ ಮುಂದುವರಿಯುತ್ತದೆ ಎಂದು ಆ ದೇಶದ ಇಲಾಖೆ ಪ್ರಮಾಣಪತ್ರ ಕೊಡುವುದು. ಕೇಳಲು ಇದು ಸುಲಭ. ಆದರೆ ಇಂಥ ಒಪ್ಪಂದಗಳನ್ನು ಬರೆದದ್ದು ಕಂಪನಿಯೇ ತನ್ನ ಕೆಲಸಕ್ಕಾಗಿ ನೌಕರರನ್ನು ಹೊರದೇಶಕ್ಕೆ ಕಳುಹಿಸುವ ಸಂದರ್ಭಕ್ಕಾಗಿ. ನೌಕರ ತನ್ನ ಇಷ್ಟದಿಂದ ಹೊರಟಿದ್ದಾನೆ ಎಂದು ಅರ್ಜಿಯಲ್ಲಿ ಕಂಡರೆ, ಇದು ಕಳುಹಿಸಿದ ಪ್ರಕರಣವಲ್ಲ ಎಂದು ಇಲಾಖೆಗಳು ಪ್ರಮಾಣಪತ್ರ ನಿರಾಕರಿಸುವುದುಂಟು. ಕೊಟ್ಟರೂ ಅದಕ್ಕೊಂದು ಅವಧಿ ಇರುತ್ತದೆ. ಮೂರು ವರ್ಷದ ಪರವಾನಗಿಯ ನಡುವೆಯೇ ಅದು ಮುಗಿದರೆ ನವೀಕರಣದ ಹೊತ್ತಿಗೆ ಪ್ರಶ್ನೆ ಮತ್ತೆ ಏಳುತ್ತದೆ. ಒಪ್ಪಂದವೇ ಇಲ್ಲದ ದೇಶದ ಕಂಪನಿಯಾದರೆ ಈ ಹಾದಿ ಇಲ್ಲವೇ ಇಲ್ಲ.

ಎರಡನೆಯದು, ವಿದೇಶಿ ಕಂಪನಿಯೇ ಸ್ಪೇನ್‌ನ ಸಾಮಾಜಿಕ ಭದ್ರತಾ ವ್ಯವಸ್ಥೆಯಾದ ಸೆಗುರಿದಾದ್ ಸೊಸಿಯಾಲ್‌ನಲ್ಲಿ ಉದ್ಯೋಗದಾತನಾಗಿ ನೋಂದಾಯಿಸಿಕೊಳ್ಳುವುದು. ಅದಕ್ಕೆ ಕಂಪನಿಗೆ ಸ್ಪೇನ್‌ನ ತೆರಿಗೆ ಸಂಖ್ಯೆ ಬೇಕು, ಡಿಜಿಟಲ್ ಪ್ರಮಾಣಪತ್ರ ಬೇಕು, ಅಲ್ಲಿ ವ್ಯವಹರಿಸಲು ಒಬ್ಬ ಪ್ರತಿನಿಧಿ ಬೇಕು. ಕಂಪನಿಯ ಪಾಲಿನ ವಂತಿಗೆ ಸುಮಾರು ಶೇ. 30ರಿಂದ 32, ನೌಕರನ ಪಾಲು ಶೇ. 6.5ರ ಆಸುಪಾಸು. ಇವೆರಡನ್ನೂ ಲೆಕ್ಕ ಹಾಕುವ ಸಂಬಳಕ್ಕೆ ಗರಿಷ್ಠ ಮಿತಿ ಇದೆ, 2025ರಲ್ಲಿ ಅದು ತಿಂಗಳಿಗೆ 4,909.50 ಯೂರೋ. ಕಂಪನಿಗಳು ಹಿಂಜರಿಯುವುದು ಬರೀ ಈ ಹಣಕ್ಕಲ್ಲ. ಸ್ಪೇನ್‌ನಲ್ಲಿ ನಮ್ಮದೊಂದು ಕಾಯಂ ನೆಲೆ ಇದೆ ಎಂದು ತೆರಿಗೆಯವರು ತೀರ್ಮಾನಿಸಿದರೆ ಲಾಭದ ಮೇಲೂ ತೆರಿಗೆ ಬಂದೀತು ಎಂಬ ಅಂಜಿಕೆ ಅವರ ಕಾನೂನು ವಿಭಾಗಕ್ಕೆ ಇರುತ್ತದೆ. ಆದ್ದರಿಂದ ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದರೆಂದು ಟಿಕೆಟ್ ಕೊಳ್ಳಬೇಡಿ. ಸಂಬಳ ವಿಭಾಗವೂ ಕಾನೂನು ವಿಭಾಗವೂ ಬರಹದಲ್ಲಿ ಒಪ್ಪಬೇಕು.

ಎರಡೂ ಆಗದವರಿಗೆ ಉಳಿಯುವುದು ಫ್ರೀಲಾನ್ಸರ್ ಆಗುವುದು. ಸ್ಪೇನ್‌ನಲ್ಲಿ ಇವರನ್ನು ಆಟೋನೊಮೊ ಎನ್ನುತ್ತಾರೆ. ಇಲ್ಲಿ ವಂತಿಗೆಯನ್ನು ನೀವೇ ಕಟ್ಟುತ್ತೀರಿ. ಹೊಸಬರಿಗೆ ಮೊದಲ 12 ತಿಂಗಳು 80 ಯೂರೋ ಆಸುಪಾಸಿನ ರಿಯಾಯಿತಿ ದರವಿದೆ. ಬಳಿಕ ನಿವ್ವಳ ಆದಾಯದ ಮೆಟ್ಟಿಲುಗಳಿಗೆ ತಕ್ಕಂತೆ ಕಟ್ಟಬೇಕು, 2025ರ ಪಟ್ಟಿಯಲ್ಲಿ ಇದು ತಿಂಗಳಿಗೆ 200 ಯೂರೋದಿಂದ 590 ಯೂರೋವರೆಗೆ ಇತ್ತು. ಅರ್ಜಿಯ ಹಂತದಲ್ಲಿ, ಪರವಾನಗಿ ಸಿಕ್ಕ ಮೇಲೆ ನೋಂದಾಯಿಸುತ್ತೇನೆ ಎಂಬ ಸಹಿ ಹಾಕಿದ ಬದ್ಧತಾ ಪತ್ರ ಸಾಕು. ಇದೇ ಈ ಹಾದಿಯ ದೊಡ್ಡ ಅನುಕೂಲ, ಹೊರಗಿನ ಯಾವ ಇಲಾಖೆಯ ಕೃಪೆಗೂ ಕಾಯಬೇಕಾಗಿಲ್ಲ. ಆದರೆ ನೌಕರಿ ಬಿಟ್ಟು ಅದೇ ಕಂಪನಿಗೆ ಗುತ್ತಿಗೆದಾರರಾಗುವವರು ಎರಡು ವಿಷಯ ನೋಡಿಕೊಳ್ಳಬೇಕು. ಅರ್ಜಿಗೆ ಮುನ್ನ ಕನಿಷ್ಠ ಮೂರು ತಿಂಗಳ ಕೆಲಸದ ಸಂಬಂಧ ತೋರಿಸಬೇಕೆಂಬ ನಿಯಮವಿದೆ. ಹೊಸ ಒಪ್ಪಂದಕ್ಕೇ ಮೂರು ತಿಂಗಳು ತುಂಬುವವರೆಗೆ ಕಾಯುವುದು ಸುರಕ್ಷಿತ. ಮತ್ತೆ, ಒಬ್ಬನೇ ಗ್ರಾಹಕ, ಅವನದೇ ವೇಳಾಪಟ್ಟಿ, ಅವನದೇ ಲ್ಯಾಪ್‌ಟಾಪ್ ಎಂದಾದರೆ ಅದು ಹೆಸರಿಗಷ್ಟೇ ಫ್ರೀಲಾನ್ಸ್ ಎಂಬ ಅನುಮಾನ ಬರುತ್ತದೆ. ಸ್ಪೇನ್‌ನ ಕಾರ್ಮಿಕ ಕಾನೂನು ಇದನ್ನು ಗಂಭೀರವಾಗಿ ನೋಡುತ್ತದೆ. ಒಪ್ಪಂದದಲ್ಲಿ ರಜೆ, ಕೆಲಸದ ಗಂಟೆ, ವರದಿ ಮಾಡುವ ಮೇಲಧಿಕಾರಿ ಎಂಬ ಮಾತುಗಳು ಉಳಿದಿವೆಯೇ ಎಂದು ಓದಿ ನೋಡಿ.

ಫ್ರೀಲಾನ್ಸರ್‌ಗಳು ಸ್ಪೇನ್‌ನ ಕಂಪನಿಗಳಿಗೂ ಕೆಲಸ ಮಾಡಬಹುದು, ಒಟ್ಟು ಕೆಲಸದ ಶೇ. 20 ಮೀರದಂತೆ. ನೌಕರರಿಗೆ ಈ ಸಡಿಲಿಕೆ ಇಲ್ಲ.

ಇನ್ನು ಆದಾಯ. ಅಳತೆಗೋಲು ಸ್ಪೇನ್‌ನ ಕನಿಷ್ಠ ವೇತನ. ಅರ್ಜಿದಾರನಿಗೆ ಅದರ ಶೇ. 200, ಜೊತೆಗೆ ಬರುವ ಮೊದಲ ಕುಟುಂಬ ಸದಸ್ಯನಿಗೆ ಶೇ. 75, ಆಮೇಲಿನ ಪ್ರತಿಯೊಬ್ಬರಿಗೆ ಶೇ. 25. 2025ರಲ್ಲಿ ಕನಿಷ್ಠ ವೇತನ 1,184 ಯೂರೋ, ಆದರೆ ಅದು ವರ್ಷಕ್ಕೆ 14 ಕಂತುಗಳ ಲೆಕ್ಕ. ವರ್ಷದ 16,576 ಯೂರೋವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 1,381.33. ಇದರ ಎರಡು ಪಟ್ಟು ಸುಮಾರು 2,763 ಯೂರೋ. 1,184ನ್ನೇ ಎರಡರಿಂದ ಗುಣಿಸಿ 2,368 ಸಾಕೆಂದುಕೊಂಡವರು ಸುಮಾರು 395 ಯೂರೋ ಕಡಿಮೆ ಬೀಳುತ್ತಾರೆ. ದಂಪತಿ ಮತ್ತು ಇಬ್ಬರು ಮಕ್ಕಳಿಗೆ ಇದೇ ಲೆಕ್ಕದಲ್ಲಿ ಸುಮಾರು 4,490 ಯೂರೋ ಬೇಕು. ಕನಿಷ್ಠ ವೇತನವನ್ನು ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ ಏರಿಸಿ ಜನವರಿ 1ರಿಂದಲೇ ಪೂರ್ವಾನ್ವಯ ಮಾಡುತ್ತಾರೆ. ಹಾಗಾಗಿ ಜನವರಿ, ಫೆಬ್ರುವರಿಯಲ್ಲಿ ಅರ್ಜಿ ಹಾಕುವವರು ಹಳೆಯ ಅಂಕಿಗೆ ಅಂಟಿಕೊಳ್ಳಬಾರದು. ಸಂಬಳ ಬೇರೆ ಕರೆನ್ಸಿಯಲ್ಲಿದ್ದರೆ ವಿನಿಮಯ ದರದ ಏರಿಳಿತಕ್ಕೆ ಶೇ. 10ರಷ್ಟು ಹೆಚ್ಚುವರಿ ಇಟ್ಟುಕೊಳ್ಳಿ. ಸಂಬಳದ ಚೀಟಿ, ಬ್ಯಾಂಕ್ ಪಟ್ಟಿ, ಕರಾರುಪತ್ರ ಮೂರರಲ್ಲೂ ಅಂಕಿ ತಾಳೆಯಾಗಬೇಕು. ಕಂಪನಿ ಬೇರೆ ಖಾತೆಯಿಂದ ಹಣ ಹಾಕುತ್ತಿದ್ದರೆ ಅದಕ್ಕೊಂದು ವಿವರಣೆಯ ಪತ್ರ ಸೇರಿಸಿ.

ಕಂಪನಿಯ ಕಡೆಯಿಂದ ಬೇಕಾದ್ದು ಎರಡು. ಅದು ಕನಿಷ್ಠ ಒಂದು ವರ್ಷದಿಂದ ನಿಜವಾಗಿ ವ್ಯವಹಾರ ನಡೆಸುತ್ತಿದೆ ಎಂಬುದಕ್ಕೆ ನೋಂದಣಿ ಇಲಾಖೆಯ ಪ್ರಮಾಣಪತ್ರ ಒಂದು. ಇನ್ನೊಂದು ಅನುಮತಿ ಪತ್ರ. ಇದರಲ್ಲಿ ಹುದ್ದೆ, ಸಂಬಳ, ಯಾವಾಗಿನಿಂದ ಕೆಲಸ, ಒಪ್ಪಂದದ ಅವಧಿ, ಸ್ಪೇನ್‌ನಿಂದಲೇ ದೂರದಿಂದ ಕೆಲಸ ಮಾಡಲು ಒಪ್ಪಿಗೆ, ಇಷ್ಟೂ ಇರಬೇಕು. ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಎಂಬ ಸಾಮಾನ್ಯ ವಾಕ್ಯವನ್ನು ನೆಚ್ಚಿಕೊಳ್ಳಬೇಡಿ, ಸ್ಪೇನ್ ಎಂಬ ಹೆಸರು ಬರಲಿ. ಸಹಿ ಮಾಡಿದವರ ಹುದ್ದೆಯೂ ಸ್ಪಷ್ಟವಾಗಿರಲಿ. ಇನ್ನು ನಿಮ್ಮ ಅರ್ಹತೆಗೆ ಪದವಿ ಪ್ರಮಾಣಪತ್ರ, ಇಲ್ಲವೇ ಅದೇ ಕ್ಷೇತ್ರದಲ್ಲಿ ಮೂರು ವರ್ಷದ ಅನುಭವ. ಪದವಿಯನ್ನು ಸ್ಪೇನ್‌ನ ಪದವಿಗೆ ಸಮಾನವೆಂದು ಮಾನ್ಯ ಮಾಡಿಸುವ ದೀರ್ಘ ಪ್ರಕ್ರಿಯೆ ಇದಕ್ಕೆ ಬೇಡ.

ಅಪೋಸ್ಟಿಲ್ (ದಾಖಲೆ ಅಸಲಿ ಎಂದು ಸರ್ಕಾರ ಹಾಕುವ ದೃಢೀಕರಣ) ಮತ್ತು ಅನುವಾದದ ಕ್ರಮ ತಪ್ಪಿದರೆ ಹಣವೂ ವಾರಗಳೂ ದಂಡ. ಮೊದಲು ಮೂಲ ದಾಖಲೆ, ಆಮೇಲೆ ಅದು ಹುಟ್ಟಿದ ದೇಶದಲ್ಲೇ 1961ರ ಹೇಗ್ ಒಡಂಬಡಿಕೆಯಂತೆ ಅಪೋಸ್ಟಿಲ್, ಕೊನೆಗೆ ಸ್ಪೇನ್‌ನ ವಿದೇಶಾಂಗ ಸಚಿವಾಲಯ ನೇಮಿಸಿದ ಪ್ರಮಾಣಿತ ಅನುವಾದಕರಿಂದ ಸ್ಪ್ಯಾನಿಷ್ ಅನುವಾದ. ಅಪೋಸ್ಟಿಲ್‌ನ ಹಾಳೆಯೂ ಅನುವಾದವಾಗಬೇಕು. ಅನುವಾದ ಮುಗಿಸಿ ಅಪೋಸ್ಟಿಲ್‌ಗೆ ಓಡಿದವರು ಎರಡನೇ ಬಾರಿ ಅನುವಾದಕ್ಕೆ ದುಡ್ಡು ತೆರುತ್ತಾರೆ. ಇಂಗ್ಲಿಷ್ ದಾಖಲೆ ಹಾಗೆಯೇ ನಡೆಯುತ್ತದೆ ಎಂದು ಭಾವಿಸಬೇಡಿ.

ಪೊಲೀಸ್ ಪ್ರಮಾಣಪತ್ರವನ್ನು ಎಲ್ಲಕ್ಕಿಂತ ಕೊನೆಗೆ ತೆಗೆಸಿ, ಏಕೆಂದರೆ ಮೊದಲು ಹಳತಾಗುವ ಕಾಗದ ಅದೇ. ಹಿಂದಿನ ಎರಡು ವರ್ಷ ವಾಸವಿದ್ದ ಪ್ರತಿ ದೇಶದಿಂದಲೂ ಅದು ಬೇಕು. ಜೊತೆಗೆ ಕಳೆದ ಐದು ವರ್ಷಗಳಲ್ಲಿ ಅಪರಾಧದ ದಾಖಲೆ ಇಲ್ಲವೆಂಬ ಸ್ವಯಂ ಘೋಷಣೆಗೆ ಸಹಿ ಹಾಕಬೇಕು. ಕಾನ್ಸುಲೇಟ್‌ಗಳು ಇದಕ್ಕಿಂತ ಹೆಚ್ಚು ಕೇಳುವುದೂ ಇದೆ, ಆಯಾ ಕಚೇರಿಯ ಪಟ್ಟಿಯನ್ನೇ ಅನುಸರಿಸಿ. ಪದವಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು ಇರುವವರು ಎರಡೂ ಒಬ್ಬರೇ ಎಂಬ ಪ್ರಮಾಣಿತ ಹೇಳಿಕೆಯನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ. ಮದುವೆ, ಜನನ ಪ್ರಮಾಣಪತ್ರಗಳಿಗೂ ಇದೇ ಮಾತು. ಸ್ಪೇನ್‌ನ ನಮೂನೆಗಳಲ್ಲಿ ಅಡ್ಡಹೆಸರಿನ (ಸರ್‌ನೇಮ್) ಅಂಕಣ ಖಾಲಿ ಬಿಡಲಾಗದು, ಅಲ್ಲಿ ಒಮ್ಮೆ ಏನು ಬರೆದಿರೋ ಬ್ಯಾಂಕ್, ತೆರಿಗೆ, ಕಾರ್ಡು ಎಲ್ಲದರಲ್ಲೂ ಅದೇ ಉಳಿಯುತ್ತದೆ.

ಆರೋಗ್ಯ ವಿಮೆಯಲ್ಲಿ ಪ್ರವಾಸಿ ವಿಮೆ ನಡೆಯುವುದಿಲ್ಲ. ಸ್ಪೇನ್‌ನಲ್ಲಿ ಪರವಾನಗಿ ಇರುವ ವಿಮಾ ಸಂಸ್ಥೆಯದ್ದಾಗಿರಬೇಕು, ಚಿಕಿತ್ಸೆಯ ಹೊತ್ತಿಗೆ ನೀವು ಪಾಲು ಕಟ್ಟುವ ಷರತ್ತು ಇರಬಾರದು, ಕಾಯುವ ಅವಧಿ ಇರಬಾರದು. ಸ್ಪೇನ್‌ನ ಸಾಮಾಜಿಕ ಭದ್ರತೆಗೆ ವಂತಿಗೆ ಕಟ್ಟುವವರಿಗೆ ಸರ್ಕಾರಿ ಆರೋಗ್ಯ ಸೇವೆ ಸಿಗುತ್ತದೆ. ಆದರೆ ನೋಂದಣಿ ಆಗುವವರೆಗಿನ ಅವಧಿಗೆ ಖಾಸಗಿ ವಿಮೆ ಇದ್ದರೆ ಕಡತದಲ್ಲಿ ತಕರಾರಿಗೆ ಎಡೆಯಿರುವುದಿಲ್ಲ.

ಅರ್ಜಿ ಎಲ್ಲಿ ಹಾಕಬೇಕು ಎಂಬುದೂ ಆಯ್ಕೆಯೇ. ನೀವು ವಾಸವಿರುವ ಪ್ರದೇಶದ ಹೊಣೆ ಹೊತ್ತ ಸ್ಪ್ಯಾನಿಷ್ ಕಾನ್ಸುಲೇಟ್‌ನಲ್ಲಿ ಹಾಕಿದರೆ ಸಿಗುವುದು ಗರಿಷ್ಠ ಒಂದು ವರ್ಷದ ವೀಸಾ. ಸ್ಪೇನ್‌ನ ಒಳಗಿನಿಂದ ಹಾಕಿದರೆ ಮೂರು ವರ್ಷದವರೆಗಿನ ವಾಸದ ಪರವಾನಗಿ. ಒಳಗಿನ ಅರ್ಜಿಗಳನ್ನು ನೋಡುವುದು ಯುಜಿಇ ಎಂಬ ಮ್ಯಾಡ್ರಿಡ್‌ನ ಕೇಂದ್ರ ಘಟಕ. ಪ್ರವಾಸಿಯಾಗಿ ಸಕ್ರಮವಾಗಿ ಬಂದು ಉಳಿಯುವ ಅವಧಿ ಮುಗಿಯುವ ಮುನ್ನ ಅರ್ಜಿ ಹಾಕಲು ಕಾನೂನು ಬಿಡುತ್ತದೆ. ಹಾಕಿದ ಮೇಲೆ ತೀರ್ಮಾನ ಬರುವವರೆಗೆ ನಿಮ್ಮ ಸಕ್ರಮ ಸ್ಥಿತಿ ಮುಂದುವರಿಯುತ್ತದೆ.

ಆದರೆ ಷೆಂಗೆನ್ ವೀಸಾ ಬೇಕಾದ ದೇಶದವರು ಇಲ್ಲಿ ಎಚ್ಚರದಿಂದಿರಬೇಕು. ಸ್ಟಿಕರ್‌ನಲ್ಲಿ ಬರೆದ ದಿನಗಳೇ ನಿಮ್ಮ ಗಡುವು, ಎಲ್ಲರಿಗೂ 90 ದಿನ ಸಿಗುವುದಿಲ್ಲ. ಕಡಿಮೆ ದಿನಗಳ ವೀಸಾದಲ್ಲಿ ಬಂದು, ಆಮೇಲೆ ಅಪೋಸ್ಟಿಲ್‌ಗೆ ಕಾಗದ ಕಳುಹಿಸಿದರೆ ಗಡುವು ಮೀರುತ್ತದೆ. ಬರುವಾಗಲೇ ಎಲ್ಲ ದಾಖಲೆಯೂ ಅನುವಾದವಾಗಿ ಕೈಯಲ್ಲಿರಬೇಕು, ಇಲ್ಲವಾದರೆ ಕಾನ್ಸುಲೇಟ್ ಹಾದಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಸೂಕ್ಷ್ಮವಿದೆ. ಪ್ಯಾರಿಸ್ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಸ್ಪೇನ್‌ಗೆ ಬಂದವರ ಗಡಿ ತಪಾಸಣೆ ಆಗುವುದು ಅಲ್ಲೇ, ಸ್ಪೇನ್‌ನ ಪ್ರವೇಶಕ್ಕೆ ಬೇರೆ ಗುರುತು ಉಳಿಯುವುದಿಲ್ಲ. ಸ್ಪೇನ್‌ಗೆ ಬಂದ ಮೂರು ಕೆಲಸದ ದಿನಗಳೊಳಗೆ ಪೊಲೀಸ್ ಕಚೇರಿಯಲ್ಲಿ ಪ್ರವೇಶ ಘೋಷಣೆ ಮಾಡಿ ಅದರ ಪ್ರತಿ ಇಟ್ಟುಕೊಳ್ಳಿ, ಬೋರ್ಡಿಂಗ್ ಪಾಸನ್ನೂ ಎಸೆಯಬೇಡಿ.

ಯುಜಿಇಗೆ ಅರ್ಜಿ ಆನ್‌ಲೈನ್‌ನಲ್ಲೇ ಹೋಗುತ್ತದೆ. ಅದಕ್ಕೆ ಸ್ಪೇನ್‌ನ ಡಿಜಿಟಲ್ ಪ್ರಮಾಣಪತ್ರ ಬೇಕು, ಹೊಸದಾಗಿ ಬಂದವರ ಬಳಿ ಅದಿರುವುದಿಲ್ಲ. ಹಾಗಾಗಿ ವಕೀಲರೋ ಬೇರೆ ಪ್ರತಿನಿಧಿಯೋ ಸಲ್ಲಿಸುತ್ತಾರೆ. ಶುಲ್ಕವನ್ನು 790ನೇ ನಮೂನೆಯ 038 ಸಂಕೇತದಲ್ಲಿ ಕಟ್ಟಬೇಕು, ಕುಟುಂಬದ ಪ್ರತಿಯೊಬ್ಬರಿಗೂ ಬೇರೆ ಬೇರೆ. ಪಾಸ್‌ಪೋರ್ಟ್‌ನ ಖಾಲಿ ಪುಟಗಳೂ ಸೇರಿ ಎಲ್ಲ ಪುಟಗಳ ಪ್ರತಿ ಇರಬೇಕು. ಇಷ್ಟು ಸಣ್ಣದು ಬಿಟ್ಟುಹೋಗಿ ಎಷ್ಟೋ ಕಡತಗಳು ನಿಂತಿವೆ.

ಕಾಯ್ದೆಯ ಪ್ರಕಾರ ಯುಜಿಇ 20 ಕೆಲಸದ ದಿನಗಳಲ್ಲಿ ಉತ್ತರಿಸಬೇಕು, ಉತ್ತರಿಸದಿದ್ದರೆ ಮಂಜೂರಾದಂತೆ. ಆದರೆ ಹೆಚ್ಚಿನ ದಾಖಲೆ ಕೇಳಿ ರೆಕೆರಿಮಿಯೆಂತೊ ಎಂಬ ನೋಟಿಸ್ ಬಂದರೆ ಆ ಗಡಿಯಾರ ನಿಲ್ಲುತ್ತದೆ. ಉತ್ತರಿಸಲು ನಿಮಗೆ 10 ಕೆಲಸದ ದಿನ. ನೋಟಿಸ್ ಬರುವುದು ಆನ್‌ಲೈನ್ ಪೆಟ್ಟಿಗೆಗೆ. ಅದನ್ನು 10 ದಿನ ತೆರೆಯದಿದ್ದರೆ ತಲುಪಿದೆ ಎಂದೇ ಲೆಕ್ಕ, ಇಲ್ಲಿ ಶನಿವಾರ ಭಾನುವಾರಗಳೂ ಎಣಿಕೆಗೆ ಬರುತ್ತವೆ. ಪ್ರತಿನಿಧಿಯ ಪೆಟ್ಟಿಗೆಗೆ ಹೋಗುವುದಾದರೆ ಅವರು ದಿನವೂ ನೋಡುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ನೋಟಿಸ್‌ನಲ್ಲಿ ಹೆಚ್ಚಾಗಿ ಕೇಳುವುದು ಮೇಲೆ ಹೇಳಿದ ಅದೇ ಪ್ರಶ್ನೆ, ಸಾಮಾಜಿಕ ಭದ್ರತೆ ಯಾವ ದೇಶದ್ದು ಎಂದು. ಪ್ರಮಾಣಪತ್ರವಿನ್ನೂ ಬಂದಿಲ್ಲ, ಅರ್ಜಿ ಹಾಕಿದ ರಸೀದಿ ಇದೆ ಎಂಬ ಉತ್ತರಕ್ಕೆ ಭರವಸೆ ಇಡಲಾಗದು. ತಿರಸ್ಕೃತವಾದರೆ ಒಂದು ತಿಂಗಳೊಳಗೆ ಮೇಲ್ಮನವಿ ಹಾಕಬಹುದು. ಕೊರತೆ ಒಂದೇ ಕಾಗದದ್ದಾಗಿದ್ದರೆ, ಸಕ್ರಮ ದಿನಗಳು ಉಳಿದಿರುವಾಗ ಅದನ್ನು ಸೇರಿಸಿ ಹೊಸ ಅರ್ಜಿ ಹಾಕುವುದೇ ಬೇಗ ಮುಗಿಯುವ ಹಾದಿ.

ಮಂಜೂರಾದ ಮೇಲೆ ಒಂದು ತಿಂಗಳೊಳಗೆ ಬೆರಳಚ್ಚು ಕೊಟ್ಟು ಟಿಐಇ ಎಂಬ ವಿದೇಶಿಯರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಇಎಕ್ಸ್-17 ನಮೂನೆ, 790ರ 012 ಸಂಕೇತದ ಶುಲ್ಕ, ಫೋಟೋ, ಮಂಜೂರಾತಿ ಪತ್ರ, ಪಾಸ್‌ಪೋರ್ಟ್ ಬೇಕು. ಕೆಲವು ಪ್ರಾಂತ್ಯಗಳಲ್ಲಿ ನಗರಸಭೆಯ ನಿವಾಸಿ ನೋಂದಣಿಯನ್ನೂ ಕೇಳುತ್ತಾರೆ. ಮ್ಯಾಡ್ರಿಡ್, ಬಾರ್ಸಿಲೋನಾಗಳಲ್ಲಿ ಪೊಲೀಸ್ ಕಚೇರಿಯ ಸಮಯ ಸಿಗುವುದೇ ಕಷ್ಟ. ಸಿಗದ ದಿನಗಳಲ್ಲಿ ಪರದೆಯ ಚಿತ್ರ ತೆಗೆದಿಟ್ಟರೆ ತಡವಾದದ್ದಕ್ಕೆ ಅದೇ ಸಾಕ್ಷಿ. ಈ ಕಾರ್ಡಿನಲ್ಲಿ ಉಳಿದ ಷೆಂಗೆನ್ ದೇಶಗಳಿಗೆ 180 ದಿನಗಳಲ್ಲಿ 90 ದಿನ ಹೋಗಿಬರಬಹುದು, ಅಲ್ಲಿ ನೆಲೆಸುವ ಹಕ್ಕು ಬರುವುದಿಲ್ಲ. ಜೊತೆಗೆ ಬಂದ ಸಂಗಾತಿಗೆ ಸ್ಪೇನ್‌ನಲ್ಲಿ ಕೆಲಸ ಮಾಡುವ ಅನುಮತಿ ಇರುತ್ತದೆ. ಬಹಳ ಕುಟುಂಬಗಳಿಗೆ ಈ ಪರವಾನಗಿಯ ನಿಜವಾದ ಬೆಲೆ ಇದೇ.

ಇಲ್ಲಿಂದ ಮುಂದೆ ತೆರಿಗೆ, ಮತ್ತು ಮೊದಲು ಮಾಡಿದ ಆಯ್ಕೆಯ ಬಿಸಿ ತಟ್ಟುವುದು ಇಲ್ಲೇ. ವರ್ಷದಲ್ಲಿ 183 ದಿನ ಮೀರಿ ಸ್ಪೇನ್‌ನಲ್ಲಿದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ, ಜಗತ್ತಿನ ಎಲ್ಲ ಆದಾಯಕ್ಕೂ ಮೆಟ್ಟಿಲು ದರದ ತೆರಿಗೆ. ಆದರೆ ಆದಾಯ ತೆರಿಗೆ ಕಾಯ್ದೆಯ 93ನೇ ಕಲಮಿನಡಿ, ಬೆಕ್‌ಹ್ಯಾಮ್ ಕಾನೂನು ಎಂದು ಹೆಸರಾದ ವಿಶೇಷ ವ್ಯವಸ್ಥೆಯನ್ನು ಆಯ್ದುಕೊಳ್ಳಬಹುದು. ಅದರಲ್ಲಿ ದುಡಿಮೆಯ ಆದಾಯಕ್ಕೆ 6,00,000 ಯೂರೋವರೆಗೆ ನೇರವಾಗಿ ಶೇ. 24, ಅದರಾಚೆ ಶೇ. 47. ಹೊರದೇಶದ ಬಡ್ಡಿ, ಲಾಭಾಂಶ, ಬಾಡಿಗೆಗೆ ಸ್ಪೇನ್ ತೆರಿಗೆ ಕೇಳುವುದಿಲ್ಲ. ಬಂದ ವರ್ಷ ಮತ್ತು ಮುಂದಿನ ಐದು ವರ್ಷ ಇದು ನಡೆಯುತ್ತದೆ. ಹಿಂದಿನ ಐದು ವರ್ಷ ಸ್ಪೇನ್‌ನ ತೆರಿಗೆ ನಿವಾಸಿಯಾಗಿರಬಾರದು, ಹಿಂದೆ ಹತ್ತು ವರ್ಷವಿದ್ದ ಈ ಷರತ್ತನ್ನು 28/2022ನೇ ಕಾಯ್ದೆಯೇ ಇಳಿಸಿತು. ನೌಕರರಾಗಿ ಬಂದ ದೂರಕೆಲಸದವರಿಗೆ ಇದು ದಕ್ಕುತ್ತದೆ. ಸಾಧಾರಣ ಫ್ರೀಲಾನ್ಸರ್‌ಗೆ ದಕ್ಕುವುದಿಲ್ಲ. ವೀಸಾ ಸಲೀಸಾಗಲೆಂದು ನೌಕರಿ ಬಿಟ್ಟು ಆಟೋನೊಮೊ ಆದವರು ಈ ದರವನ್ನು ಕಳೆದುಕೊಳ್ಳುತ್ತಾರೆ. ಸಂಬಳ ದೊಡ್ಡದಿದ್ದರೆ, ಕಂಪನಿಯನ್ನು ಸ್ಪೇನ್‌ನಲ್ಲಿ ನೋಂದಾಯಿಸಲು ಒಪ್ಪಿಸುವುದಕ್ಕೆ ಎಷ್ಟು ತಿಂಗಳು ಹಿಡಿದರೂ ಆ ಶ್ರಮ ಸಾರ್ಥಕ.

ಈ ವ್ಯವಸ್ಥೆಗೆ 149ನೇ ನಮೂನೆಯಲ್ಲಿ ಅರ್ಜಿ. ಸಾಮಾಜಿಕ ಭದ್ರತೆಯಲ್ಲಿ ಹೆಸರು ದಾಖಲಾದ ದಿನದಿಂದ, ಇಲ್ಲವೇ ತವರಿನ ವ್ಯಾಪ್ತಿ ಮುಂದುವರಿಯುತ್ತದೆ ಎಂಬ ದಾಖಲೆಯ ಆರಂಭದ ದಿನದಿಂದ ಆರು ತಿಂಗಳು ಗಡುವು. ಕಾರ್ಡು ಕೈಗೆ ಬಂದ ದಿನದಿಂದ ಎಣಿಸಿ ಗಡುವು ತಪ್ಪಿಸಿಕೊಂಡವರಿದ್ದಾರೆ. ತಪ್ಪಿದರೆ ಮತ್ತೆ ಅವಕಾಶವಿಲ್ಲ. ವಾರ್ಷಿಕ ಲೆಕ್ಕ 151ನೇ ನಮೂನೆಯಲ್ಲಿ. ಆಟೋನೊಮೊಗಳ ಪಂಚಾಂಗವೇ ಬೇರೆ. ಚಟುವಟಿಕೆಯ ನೋಂದಣಿಗೆ 036, ಮೂರು ತಿಂಗಳಿಗೊಮ್ಮೆ ಮೌಲ್ಯವರ್ಧಿತ ತೆರಿಗೆಗೆ 303, ಆದಾಯದ ಮುಂಗಡಕ್ಕೆ 130, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ 20ನೇ ತಾರೀಖು ಮತ್ತು ಜನವರಿ 30ರೊಳಗೆ. ಹೊರದೇಶದ ಕಂಪನಿಗೆ ಕೊಡುವ ಬಿಲ್ಲಿನಲ್ಲಿ ಸ್ಪೇನ್‌ನ ಮೌಲ್ಯವರ್ಧಿತ ತೆರಿಗೆ ಸೇರುವುದಿಲ್ಲ, ಹಾಗಿದ್ದರೂ 303 ಸಲ್ಲಿಸಲೇಬೇಕು.

ನವೀಕರಣಕ್ಕೆ ಅವಧಿ ಮುಗಿಯುವ ಹಿಂದಿನ 60 ದಿನಗಳಲ್ಲಿ ಅರ್ಜಿ ಹಾಕಬೇಕು, ಸಿಗುವುದು ಎರಡು ವರ್ಷ. ಕಾನ್ಸುಲೇಟ್ ವೀಸಾದಲ್ಲಿ ಬಂದವರು ಆ ಒಂದು ವರ್ಷ ಮುಗಿಯುವ ಮುನ್ನ ಯುಜಿಇಯಲ್ಲಿ ಮೂರು ವರ್ಷದ ಪರವಾನಗಿಗೆ ಹಾಕುತ್ತಾರೆ. ಆಗ ತೋರಿಸಬೇಕಾದ್ದು ಷರತ್ತುಗಳೆಲ್ಲ ಇನ್ನೂ ಪಾಲನೆಯಲ್ಲಿವೆ ಎಂದು. ಬದ್ಧತಾ ಪತ್ರ ಕೊಟ್ಟು ನೋಂದಣಿ ಮಾಡದೆ ಉಳಿದವರು, ವಂತಿಗೆ ಬಾಕಿ ಇಟ್ಟವರು ಸಿಕ್ಕಿಬೀಳುವುದು ಇಲ್ಲೇ. ನಡುವೆ ಕಂಪನಿ ಬದಲಾದರೆ ಆಗಲೇ ಯುಜಿಇಗೆ ತಿಳಿಸಿ, ನವೀಕರಣದವರೆಗೆ ಕಾಯಬೇಡಿ.

ಐದು ವರ್ಷ ನಿರಂತರ ಸಕ್ರಮ ವಾಸ ತುಂಬಿದಾಗ ದೀರ್ಘಾವಧಿ ವಾಸಕ್ಕೆ ಇಎಕ್ಸ್-11 ನಮೂನೆಯಲ್ಲಿ ಅರ್ಜಿ ಹಾಕಬಹುದು. ಸಿಕ್ಕಮೇಲೆ ಹೊರದೇಶದ ಕಂಪನಿಯ ಹಂಗಿಲ್ಲ, ಸ್ಪೇನ್‌ನಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು. ಇಲ್ಲಿ ಅಳೆಯುವುದು ಗೈರುಹಾಜರಿಯನ್ನು. ಒಮ್ಮೆಗೆ ಆರು ತಿಂಗಳು, ಐದು ವರ್ಷದಲ್ಲಿ ಒಟ್ಟು ಹತ್ತು ತಿಂಗಳು ಮೀರಿ ಸ್ಪೇನ್‌ನ ಹೊರಗಿದ್ದರೆ ನಿರಂತರತೆ ಮುರಿಯುತ್ತದೆ. ಹತ್ತು ತಿಂಗಳೆಂದರೆ ವರ್ಷಕ್ಕೆ ಸರಾಸರಿ ಎರಡೇ ತಿಂಗಳು. ಪ್ರತಿ ವರ್ಷ ಮೂರು ತಿಂಗಳು ತವರಿಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡುವ ರೂಢಿಯವರು ನಾಲ್ಕನೇ ವರ್ಷದಲ್ಲೇ ಈ ಮಿತಿ ದಾಟಿರುತ್ತಾರೆ. ಹೊರಟ ದಿನ, ಮರಳಿದ ದಿನ ಎರಡನ್ನೂ ಮೊದಲ ವರ್ಷದಿಂದಲೇ ಬರೆದಿಡಿ, ಪಾಸ್‌ಪೋರ್ಟ್ ಬದಲಾದರೆ ಹಳೆಯದನ್ನು ಜೋಪಾನ ಮಾಡಿ.

ಪೌರತ್ವಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ವಾಸ ಬೇಕು. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್, ಪೋರ್ಚುಗೀಸ್ ಭಾಷಿಕ ದೇಶಗಳು, ಫಿಲಿಪ್ಪೀನ್ಸ್, ಪೋರ್ಚುಗಲ್ ಮುಂತಾದ ಕೆಲವು ದೇಶಗಳ ಮೂಲ ನಾಗರಿಕರಿಗೆ ಎರಡೇ ವರ್ಷ ಸಾಕು. ಭಾಷೆಗೆ ಎ2 ಮಟ್ಟದ ಡೆಲೆ ಪರೀಕ್ಷೆ, ಸಂವಿಧಾನ ಮತ್ತು ಸಮಾಜದ ಬಗ್ಗೆ ಸಿಸಿಎಸ್‌ಇ ಪರೀಕ್ಷೆ, ಎರಡನ್ನೂ ನಡೆಸುವುದು ಇನ್‌ಸ್ಟಿಟುಟೊ ಸೆರ್ವಾಂತೆಸ್. ಸಿಸಿಎಸ್‌ಇಯಲ್ಲಿ 25 ಪ್ರಶ್ನೆ, 45 ನಿಮಿಷ, ಪಾಸಾಗಲು 15 ಸರಿಯುತ್ತರ.